ಬಣ್ಣ ಮಾಸಿದ ಕಾರಿನಲ್ಲಿ ಹುಕ್ಕೇರಿಗೆ

ಬೆಳಗ್ಗೆ ಏಳೂಕಾಲಿಗೆ ಮೂಡಲಗಿಯ ನಮ್ಮ ಮನೆಯಿಂದ ಹೊರಟಾಗ ನನ್ನ ಅತ್ತೆ ಗಂಗವ್ವನವರ ಹತ್ತಿರ ಎರಡು ನಿಂಬೆಹಣ್ಣು, ಒಂದು ಉಂಡೆ ಹುಣಸೆಹಣ್ಣು ಮತ್ತು ಆರು ಪ್ಲಾಸ್ಟಿಕ್ ಚೀಲಗಳಿದ್ದವು. ಕೂರುವ ಜಾಗದಲ್ಲಿ ಹಿಂದಿನ ದಿನದ ಪತ್ರಿಕೆ ಹಾಸಿಕೊಂಡಿದ್ದರು. ಪತ್ರಿಕೆಯ ಮೇಲೆ ಕೂತರೆ ವಾಂತಿಯಾಗುವುದಿಲ್ಲ ಎಂದು ಅವರಿಗೆ ಯಾರೋ ಹೇಳಿದ್ದರಂತೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಆದರೂ ಪತ್ರಿಕೆಯ ಮಡಿಕೆಗಳನ್ನು ನಾನೇ ಸರಿಮಾಡಿದೆ. ಅವರು ನಂಬಿದ್ದು ಏನೇ ಇರಲಿ, ಆ ದಿನ ಅದು ನನಗೂ ಬೇಕಾಗಿತ್ತು.

ನಾವು ಹೊರಟಿದ್ದು ಹುಕ್ಕೇರಿಗೆ, ಅತ್ತೆಯವರ ತಂಗಿ ನೀಲವ್ವನ ಮನೆಗೆ. ಗೋಕಾಕ, ಘಟಪ್ರಭಾ ಮೇಲೆ ಹೋದರೆ ಅರವತ್ತೈದು ಕಿಲೋಮೀಟರಿನ ಆಸುಪಾಸು. ಈ ದಾರಿಯನ್ನು ಅತ್ತೆಯವರು ಪೂರ್ತಿ ದಾಟಿ ವರ್ಷಗಳೇ ಆಗಿದ್ದವು. ಬಸ್ಸಾಗಲಿ, ಜೀಪಾಗಲಿ, ಟಂಟಂ ಆಗಲಿ, ಹತ್ತಿ ಕಾಲು ತಾಸಾಗುವುದರೊಳಗೆ ಅವರಿಗೆ ಹೊಟ್ಟೆ ತೊಳಸುತ್ತದೆ. ಏಳು ವರ್ಷದ ಹಿಂದೆ ನೀಲವ್ವನ ಮಗನ ಮದುವೆಗೆಂದು ಹೊರಟವರು ಘಟಪ್ರಭಾದಲ್ಲಿ ಬಸ್ಸಿನಿಂದ ಇಳಿದು, ರಸ್ತೆ ಬದಿಯ ಬೇವಿನ ಮರದ ಕೆಳಗೆ ಮಲಗಿಬಿಟ್ಟಿದ್ದರು. ಸಂಜೆ ನಮ್ಮ ಟ್ರ್ಯಾಕ್ಟರ್ ತರಿಸಿ, ಟ್ರಾಲಿಯಲ್ಲಿ ಹುಲ್ಲು ಹಾಸಿ ಮಲಗಿಸಿಕೊಂಡು ಮನೆಗೆ ತಂದಿದ್ದೆವು. ಮದುವೆ ಅವರಿಲ್ಲದೆ ಆಯಿತು. ಅಲ್ಲಿಂದ ಮುಂದೆ ಅಕ್ಕತಂಗಿಯರ ಭೇಟಿಯೆಲ್ಲ ಫೋನಿನಲ್ಲೇ. ನೀಲವ್ವನೂ ಇತ್ತ ಬರುವಂತಿರಲಿಲ್ಲ. ಅವರದೂ ಅದೇ ಹೊಟ್ಟೆ.

ಇನ್ನು ನಮ್ಮ ಕಾರಿನ ಬಗ್ಗೆ ಹೇಳಬೇಕು. ಒಂದು ಕಾಲಕ್ಕೆ ಸಕ್ಕರೆ ಕಾರ್ಖಾನೆಯೊಂದರ ದೊಡ್ಡ ಸಾಹೇಬರು ಹಿಂದಿನ ಸೀಟಿನಲ್ಲಿ ಕೂತು ಓಡಾಡಿದ ಉದ್ದನೆಯ ಗಾಡಿ ಅದು. ಇಪ್ಪತ್ತೆರಡು ವರ್ಷ ಹಳೆಯದು. ಒಂದು ಒಳ್ಳೆಯ ಎಮ್ಮೆಯ ಬೆಲೆಗೆ ಕೊಂಡೆ. ಕೊಂಡಾಗ ಅದರೊಳಗೆ ಕೋಳಿ ಕಾವಿಗೆ ಕೂತಿತ್ತು ಎಂದರೆ ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ನಮ್ಮ ಯಜಮಾನರು ಅದರ ಸುತ್ತ ಒಂದು ಸುತ್ತು ಬಂದು, "ಶೈಲಾ, ಹೆಂಗಸರಿಗೆ ಬಸ್ ಪುಕ್ಕಟ ಐತಿ. ಅದನ್ನ ಬಿಟ್ಟ ಈ ಬಣ್ಣಗೆಟ್ಟ ಗುಜರಿ ಸಾಮಾನ ತಂದೀಯಲ್ಲ! ಈ ಡಬ್ಬ್ಯಾಗ ನಾ ಕಾಲ ಇಡಂಗಿಲ್ಲ ನೋಡ" ಎಂದರು. ಆ ಮಾತಿಗೆ ಒಂದೂವರೆ ವರ್ಷ ನಿಷ್ಠೆಯಿಂದ ನಡೆದುಕೊಂಡರು.

ನಾನು ಪಗಾರದಲ್ಲಿ ಉಳಿದಷ್ಟನ್ನು ತಿಂಗಳು ತಿಂಗಳು ಅದಕ್ಕೆ ಹಾಕುತ್ತ ಬಂದೆ. ಗೋಕಾಕದ ಮೆಕ್ಯಾನಿಕ್ ರಾಜೇಸಾಬ ಮೊದಲೇ ಖಡಾಖಂಡಿತವಾಗಿ ಹೇಳಿದ್ದ: "ಅಕ್ಕಾರ, ನಿಮ್ಮ ರೊಕ್ಕಕ್ಕ ಒಂದ ಕೆಲಸ ಆಗತೈತಿ. ಮ್ಯಾಲ ಬಣ್ಣ ಹೊಡಸ್ರಿ, ಇಲ್ಲಾ ಕೆಳಗ ಶಾಕಪ್ ಬದಲ ಮಾಡಸ್ರಿ. ಎರಡೂ ಆಗೂದಿಲ್ಲ."

"ಒಳಗ ಕುಂತಾವರಿಗೆ ಯಾವದು ಗೊತ್ತಾಗತೈತಿ?"

"ಕೆಳಗಿಂದು."

"ಹಂಗಾರ ಕೆಳಗಿಂದ ಮಾಡ್ರಿ."

ಕುಲುಕಾಟ ತಡೆಯುವ ನಾಲ್ಕೂ ಚಕ್ರದ ಶಾಕಪ್, ಸವೆದ ರಬ್ಬರ್ ಬುಷ್‌ಗಳು, ಒಂದು ಸ್ಪ್ರಿಂಗು, ಎಲ್ಲ ಹೊಸದಾಯಿತು. ಬಣ್ಣ ಮಾತ್ರ ಅಲ್ಲಲ್ಲಿ ಸುಣ್ಣ ಬಿದ್ದಂತೆ ಬೆಳ್ಳಗಾಗಿ ಹಾಗೆಯೇ ಉಳಿಯಿತು. ರೆಗ್ಜಿನ್ ವಾಸನೆ ಅತ್ತೆಯವರಿಗೆ ಆಗುವುದಿಲ್ಲವೆಂದು ಹಿಂದಿನ ಸೀಟಿನ ರೆಗ್ಜಿನ್ ಕಿತ್ತೆಸೆದು, ಅವರದೇ ಹಳೆಯ ಸೀರೆಗಳಿಂದ ಕೌದಿ ಹೊಲಿದು ಹೊದಿಸಿದೆ. ಎಸಿ ಕೆಟ್ಟಿತ್ತು. ಅದರ ವಾಸನೆಯೂ ಅವರಿಗೆ ಆಗುವುದಿಲ್ಲವಾದ್ದರಿಂದ ಅದನ್ನು ಮುಟ್ಟಲಿಲ್ಲ. ಅಷ್ಟು ಖರ್ಚು ಉಳಿಯಿತು.

ಅತ್ತೆಯವರದೂ ಈ ಗಾಡಿಯಲ್ಲಿ ಒಂದು ಪಾಲಿದೆ. ನಮ್ಮ ಯಜಮಾನರು ಟ್ರ್ಯಾಕ್ಟರಿಗೆ ಹಾಕುವ ಹಾಗೆ ಕಾರಿನ ರೇಡಿಯೇಟರಿಗೂ ದಿನಾ ಬೋರಿನ ಸವಳು ನೀರು ಸುರಿದಿದ್ದರು. ಕಾಲು ಇಡುವುದಿಲ್ಲ ಎಂದಿದ್ದರಷ್ಟೇ, ನೀರು ಹಾಕುವುದಿಲ್ಲ ಎಂದಿರಲಿಲ್ಲ. ಎರಡೇ ತಿಂಗಳಲ್ಲಿ ಇಂಜಿನ್ ಕಾಯತೊಡಗಿತು. ಬಿಚ್ಚಿ ನೋಡಿದರೆ ಒಳಗೆಲ್ಲ ಬಿಳಿ ಹೆಕ್ಕಳೆ. ಹೊಸದೇ ಹಾಕಬೇಕು ಎಂದ ರಾಜೇಸಾಬ. ಅತ್ತೆಯವರು ಬಗ್ಗಿ ನೋಡಿ, "ಇದ ನಮ್ಮ ನೀರಿನ ಹಂಡ್ಯಾಗ ಕುಂದರತೈತಲ್ಲ, ಅದೇ ಅಲ್ಲೇನ? ಹುಣಸಿಹಣ್ಣ ಹಾಕ್ರಿ" ಎಂದರು. ಹುಣಸೆಹುಳಿಯನ್ನು ಎರಡು ಸಲ ಸೋಸಿ ತುಂಬಿಸಿ, ಇಂಜಿನ್ ಓಡಿಸಿ, ಚೆಲ್ಲಿ, ಮತ್ತೆ ತುಂಬಿಸಿ, ಹೀಗೆ ಮೂರು ಸಲ ತೊಳೆದಾಗ ಹೆಕ್ಕಳೆ ಮಣ್ಣಿನ ಹಾಗೆ ಹರಿದು ಹೋಯಿತು. ರಾಜೇಸಾಬ ಮೊದಲು ನಕ್ಕಿದ್ದ. ಆಮೇಲೆ ಎಷ್ಟು ನೀರಿಗೆ ಎಷ್ಟು ಹುಣಸೆ ಎಂದು ಕೇಳಿಕೊಂಡ.

ಗುರ್ಲಾಪುರ, ಕಲ್ಲೋಳಿ ದಾಟಿ ಗೋಕಾಕ ಮುಟ್ಟುವವರೆಗೆ ನಾನು ನಲವತ್ತರ ಮೇಲೆ ಹೋಗಲಿಲ್ಲ. ಚಳಿಗಾಲದ ಎಳೆ ಬಿಸಿಲು, ಎರಡೂ ಕಡೆ ಕಬ್ಬು. ಕನ್ನಡಿಯಲ್ಲಿ ಅತ್ತೆಯವರನ್ನು ನೋಡುತ್ತಲೇ ಇದ್ದೆ. ಕಣ್ಣು ಮುಚ್ಚಿ, ನಿಂಬೆಹಣ್ಣನ್ನು ಮೂಗಿಗೆ ಒತ್ತಿಕೊಂಡು ಕೂತಿದ್ದರು. ಗೋಕಾಕದಲ್ಲಿ ಗ್ಯಾರೇಜಿನ ಮುಂದೆ ನಿಲ್ಲಿಸಿದಾಗ ರಾಜೇಸಾಬ ಕಾರಿನ ಮೂಲೆಯನ್ನು ಕೈಯಿಂದ ಒತ್ತಿ ಬಿಟ್ಟ. ಒಂದು ಸಲ ಮೇಲೆದ್ದು ಅದು ಗಕ್ಕನೆ ನಿಂತಿತು. "ನೋಡ್ರಿ ಅಕ್ಕಾರ, ತೊಟ್ಟಲಾ ಹಿಂಗ ನಿಂದರಬೇಕು" ಎಂದು ಕೈ ಒರೆಸಿಕೊಂಡ. ನೀಲವ್ವನಿಗೆಂದು ಅರ್ಧ ಕಿಲೋ ಕರದಂಟು ಕಟ್ಟಿಸಿದೆ. ನಾನು ಚಹಾ ಕುಡಿದೆ. ಅತ್ತೆಯವರು ಕೆಳಗಿಳಿಯಲಿಲ್ಲ, ಒಂದು ಗುಟುಕು ನೀರನ್ನೂ ಮುಟ್ಟಲಿಲ್ಲ.

ಘಟಪ್ರಭಾ ಬಂದಿದ್ದು ಅವರಿಗೆ ಗೊತ್ತಾಗದಂತೆ ಸುಮ್ಮನೆ ದಾಟಿಬಿಡಬೇಕೆಂದು ಲೆಕ್ಕ ಹಾಕಿದ್ದೆ. ಊರು ಇನ್ನೇನು ಬಂತು ಎನ್ನುವಾಗ ರಸ್ತೆ ಕಟ್ಟಿತು. ಮುಂದೆ ಕಬ್ಬಿನ ಟ್ರ್ಯಾಕ್ಟರುಗಳ ಸಾಲು, ಒಂದೊಂದಕ್ಕೂ ಎರಡೆರಡು ಟ್ರಾಲಿ. ಎಲ್ಲೋ ಮುಂದೆ ಒಂದು ಟ್ರಾಲಿಯ ಚಕ್ರ ಕೂತಿತ್ತಂತೆ. ನಮ್ಮ ಮುಂದಿನ ಟ್ರ್ಯಾಕ್ಟರ್ ಕಪ್ಪು ಹೊಗೆ ಬಿಡುತ್ತ ನಿಂತಿತ್ತು. ಹತ್ತು ನಿಮಿಷದಲ್ಲಿ ನಮ್ಮ ಕಾರಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಇಂಥ ಹೊತ್ತಿನಲ್ಲಿ ಹೀಟರ್ ಹಾಕಿದರೆ ಇಂಜಿನ್ನಿನ ಬಿಸಿ ಒಳಗೆ ಬಂದು ಮುಳ್ಳು ಇಳಿಯುತ್ತದೆ. ಆದರೆ ಆ ಬಿಸಿ ಗಾಳಿ ಅತ್ತೆಯವರ ಮುಖಕ್ಕೆ ಬಡಿಯುತ್ತದೆ. ಗಾಡಿಯನ್ನು ಉಳಿಸಿಕೊಳ್ಳಲೋ ಅತ್ತೆಯವರನ್ನೋ? ಹೀಟರ್ ಮುಟ್ಟದೆ ಇಂಜಿನ್ನನ್ನೇ ಬಂದ್ ಮಾಡಿದೆ. ಅದು ಬಿಸಿಯಿದ್ದಾಗ ಮತ್ತೆ ಚಾಲೂ ಆಗಲು ಹಟ ಮಾಡುವುದುಂಟು ಎಂದು ನನಗೆ ಗೊತ್ತಿತ್ತು.

ಸದ್ದು ನಿಂತದ್ದೇ ಅತ್ತೆಯವರು ಕಣ್ಣು ತೆರೆದರು. "ಯಾವ ಊರ ಬಂತು?"

ಸುಳ್ಳು ಹೇಳಬೇಕೆನಿಸಿತು. ಆದರೆ ಬಾಯಿಗೆ ಬಂದದ್ದು ಖರೆಯೇ. "ಘಟಪ್ರಭಾ ರೀ, ಅತ್ತ್ಯಾರ."

ಅವರು ಕಿಟಕಿಯಾಚೆ ನೋಡಿದರು. ಆ ಬೇವಿನ ಮರ ಅಲ್ಲೇ ಇತ್ತು, ಸ್ವಲ್ಪ ಮುಂದೆ, ಎಡಕ್ಕೆ. ಅವರ ಕೈ ಪ್ಲಾಸ್ಟಿಕ್ ಚೀಲದ ಕಡೆ ಹೋಯಿತು. ಆಯಿತು, ಎಲ್ಲ ಮುಗಿಯಿತು ಎಂದುಕೊಂಡು ನಾನು ಇಳಿದು ಹಿಂದಿನ ಬಾಗಿಲು ತೆಗೆಯಲು ಹೊರಟೆ. ಅವರು ಚೀಲವನ್ನು ಬದಿಗೆ ಸರಿಸಿ ಕೈ ಚಾಚಿದರು.

"ಕರದಂಟ ತಗೊಂಡಿಯಲ್ಲ, ಒಂದ ಕೊಡ."

"ಈಗ ಬ್ಯಾಡ್ರೀ, ಹೊಟ್ಟಿ..."

"ಅವತ್ತ ಇಲ್ಲೇ ಇಳದಿದ್ದೆ. ಇವತ್ತ ಇಲ್ಲೇ ಕುಂತ ತಿಂತೇನಿ. ಕೊಡ ಅಂದ್ನೆಲ್ಲ."

ಗಾಡಿಯಲ್ಲಿ ಕೂತು ನೀರು ಕುಡಿಯದ ಹೆಂಗಸು ಅಂಟು, ಬೆಲ್ಲ, ಕೊಬ್ಬರಿಯ ಆ ಗಟ್ಟಿ ತುಂಡನ್ನು, ಮರವನ್ನೇ ದುರುಗುಟ್ಟಿ ನೋಡುತ್ತ, ಅಗಿದು ಅಗಿದು ತಿಂದರು. ನಾನು ಬಾಗಿಲು ಹಿಡಿದುಕೊಂಡೇ ನಿಂತಿದ್ದೆ. ಪೂರ್ತಿ ತಿಂದು, ಬೆರಳು ನೆಕ್ಕಿ, ನೀರು ಕೇಳಿದರು. ಮುಂದಿನ ಟ್ರ್ಯಾಕ್ಟರ್ ಹೊರಟಿತು. ನಾನು ಮುಂದೆ ಹೋಗಿ ಕೂತು, ಮನೆದೇವರನ್ನು ನೆನೆದು ಕೀಲಿ ತಿರುಗಿಸಿದೆ. ಒಂದೇ ಸಲಕ್ಕೆ ಗಾಡಿ ಚಾಲೂ ಆಯಿತು! ಮರದ ಪಕ್ಕ ಹಾದು ಹೋಗುವಾಗ ನಾನು ಸುಮ್ಮಸುಮ್ಮನೆ ಹಾರನ್ ಬಾರಿಸಿದೆ. ನನ್ನ ಈ ವಯಸ್ಸಿಗೆ ಅದು ಸಲ್ಲದ ಕೆಲಸ, ಆದರೂ ಬಾರಿಸಿದೆ.

ಹುಕ್ಕೇರಿ ಮುಟ್ಟಿದಾಗ ಹತ್ತು ಮುಕ್ಕಾಲು. ಅರ್ಧ ದಾರಿಯಿಂದ ತಿರುಗಿದರೆ ಮತ್ತೆ ಅವಮಾನ ಎಂದು ಬರುವ ಸುದ್ದಿಯನ್ನೇ ತಿಳಿಸಿರಲಿಲ್ಲ. ನೀಲವ್ವ ಕಟ್ಟೆಯ ಮೇಲೆ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದರು. ಕಾರಿನಿಂದ ಇಳಿದ ಅಕ್ಕನನ್ನು ಕಂಡು ಮೊರ ಅಲ್ಲೇ ಬಿಟ್ಟು ಎದ್ದರು. ತೊಗರಿಯೆಲ್ಲ ಅಂಗಳದ ಪಾಲಾಯಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತರು. ನನಗೂ ಅಳು ಬಂತು, ಮುಚ್ಚಿಡಲಿಲ್ಲ.

ಕಣ್ಣೊರೆಸಿಕೊಂಡು ನೀಲವ್ವ ಮೊದಲು ಕೇಳಿದ್ದು, "ಎಷ್ಟ ಸಲ ಆತ ಯಕ್ಕಾ?"

"ಒಂದ ಸಲಾನೂ ಇಲ್ಲ."

"ಸುಳ್ಳ ಹೇಳಬ್ಯಾಡ."

ಅತ್ತೆಯವರು ಆರೂ ಚೀಲಗಳನ್ನು ತಂಗಿಯ ಕೈಗಿಟ್ಟರು. ನೀಲವ್ವ ಒಂದೊಂದನ್ನೇ ಬಿಡಿಸಿ, ಊದಿ ನೋಡಿದರು. ಯಾವುದನ್ನೂ ಬಳಸಿರಲಿಲ್ಲ.

ಊಟಕ್ಕೆ ಬಿಸಿ ರೊಟ್ಟಿ, ತುಂಬುಗಾಯಿ ಬದನೆ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನೀಲವ್ವನ ಮಗ, ಅಂದು ಅತ್ತೆಯವರು ತಪ್ಪಿಸಿಕೊಂಡ ಮದುವೆಯ ಮದುಮಗ, ಕಾರಿನ ಸುತ್ತ ಅಡ್ಡಾಡಿ, "ವೈನಿ, ಎಲ್ಲಾ ಛಲೋ ಐತಿ, ಬಣ್ಣ ಒಂದ ಹೊಡಸ್ರಿ" ಎಂದ. ಅವನ ಹೊಸ ಎತ್ತರದ ಗಾಡಿ ಪಕ್ಕದಲ್ಲೇ ಫಳಫಳ ಹೊಳೆಯುತ್ತಿತ್ತು. ಅದರಲ್ಲಿ ಅವನ ತಾಯಿ ಹತ್ತಿರದ ಸಂಕೇಶ್ವರದವರೆಗೂ ಹೋಗಲಾರರು. ನಾನು ನಗುತ್ತ ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಊಟವಾದ ಮೇಲೆ ನೀಲವ್ವ ಯಾರಿಗೂ ಹೇಳದೆ ಹೋಗಿ ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದರು. ಕೌದಿಯನ್ನು ಮೂಸಿದರು. "ಇದ ನಮ್ಮ ಅಕ್ಕನ ಇಳಕಲ್ ಸೀರಿ ಅಲ್ಲೇನ?" ಎಂದು ಒಂದು ತುಂಡನ್ನು ಸವರಿದರು. ಅರ್ಧ ತಾಸು ಹಾಗೆಯೇ ಕೂತವರು, "ಶೈಲಾ, ಒಂದ ಸುತ್ತ ಹೊಡಿ" ಎಂದರು. ಊರ ಹೊರಗಿನವರೆಗೆ ಹೋಗಿ ಬಂದೆವು. ಇಳಿದವರೇ ಒಳಗೆ ಹೋಗಿ ಎರಡು ಸೀರೆ ಗಂಟು ಕಟ್ಟಿಕೊಂಡು ಬಂದರು. "ಮೂಡಲಗಿ ನೋಡಿ ಬಾಳ ದಿನಾ ಆತು" ಎಂದರು. ನನಗೆ ಅಷ್ಟು ಹೆಮ್ಮೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ನಾಲ್ಕಕ್ಕೆ ಹೊರಟೆವು. ಆರು ಚೀಲಗಳನ್ನು ಅಕ್ಕತಂಗಿಯರು ಮೂರು ಮೂರು ಹಂಚಿಕೊಂಡಿದ್ದರು. ಘಟಪ್ರಭಾದವರೆಗೆ ತವರಿನ ಮಾತು ನಡೆದಿತ್ತು. ಆ ಮರವನ್ನು ಅತ್ತೆಯವರು ತಂಗಿಗೆ ಬೆರಳು ಮಾಡಿ ತೋರಿಸಿದರು. ಗೋಕಾಕ ದಾಟುವಾಗ ಮಾತು ನಿಂತಿತು. ತಟ್ಟನೆ ಕನ್ನಡಿ ನೋಡಿದೆ. ಒಬ್ಬರ ಹೆಗಲಿಗೆ ಒಬ್ಬರು ತಲೆ ಕೊಟ್ಟು ಇಬ್ಬರೂ ನಿದ್ದೆ ಹೋಗಿದ್ದರು.

ಹೊತ್ತು ಮುಳುಗುವಾಗ ಮನೆ ಮುಂದೆ ನಿಲ್ಲಿಸಿದೆ. ಇಂಜಿನ್ ಬಂದ್ ಮಾಡಿದರೆ ಎಚ್ಚರಾದಾರೆಂದು ಹಾಗೆಯೇ ಬಿಟ್ಟೆ. ನಮ್ಮ ಯಜಮಾನರು ಹೊರಗೆ ಬಂದು, "ಎಲ್ಲಿಂದ ತಿರುಗಿ ಬಂದ್ರಿ?" ಎಂದು ಕೂಗಲು ಬಾಯಿ ತೆರೆದವರು, ಹಿಂದಿನ ಕಿಟಕಿಯಲ್ಲಿ ಇಣುಕಿ ಅಲ್ಲೇ ನಿಂತರು. ತಾಯಿಯನ್ನು ನೋಡಿದರು, ಪಕ್ಕದಲ್ಲಿದ್ದ ಚಿಕ್ಕಮ್ಮನನ್ನು ನೋಡಿದರು. ನೀಲವ್ವನ ಮಣಿಕಟ್ಟಿಗೆ ಕಟ್ಟಿದ್ದ ಖಾಲಿ ಚೀಲ ಗಾಳಿಗೆ ಅಲ್ಲಾಡುತ್ತಿತ್ತು.

ಅವರು ಈ ಕಡೆ ಬಂದು, ಮುಂದಿನ ಬಾಗಿಲನ್ನು ಮೆಲ್ಲಗೆ ತೆಗೆದು, ನನ್ನ ಬಾಜೂ ಕೂತು, ಸದ್ದಾಗದಂತೆ ಮುಚ್ಚಿಕೊಂಡರು.

"ಎಬ್ಬಸಬ್ಯಾಡ," ಎಂದರು ಪಿಸುದನಿಯಲ್ಲಿ. "ಇನ್ನೊಂದ ಸ್ವಲ್ಪ ಓಡಸ."

ಗುರ್ಲಾಪುರದವರೆಗೆ ಹೋಗಿ ತಿರುಗಿಸಿಕೊಂಡು ಬಂದೆವು. ಬಣ್ಣದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.