ಅದೇ ಕೋಟು, ಬೇರೆ ಮುಖ

ಎಂಬತ್ತರ ದಶಕದಲ್ಲಿ, ರಾಯಚೂರಿನ ನಮ್ಮ ಓಣಿಯ ಅಜ್ಜಿಯೊಬ್ಬರು ವಾರಕ್ಕೊಮ್ಮೆ ಪತ್ತೇದಾರಿ ಧಾರಾವಾಹಿ ನೋಡಲು ನಮ್ಮ ಮನೆಗೆ ಬರುತ್ತಿದ್ದರು. ಟಿವಿಯಲ್ಲಿ ಪತ್ತೇದಾರ ಕಾಣಿಸಿದೊಡನೆ, ಮನೆಗೆ ಹಿರಿಯರು ಬಂದರೇನೋ ಎಂಬಂತೆ ತಲೆಯ ಮೇಲೆ ಸೆರಗು ಎಳೆದುಕೊಳ್ಳುವರು. "ಅಂವ ಅದಾನಲ್ಲ, ಅಂಜಿಕಿಲ್ಲ" ಎನ್ನುವರು.

ಒಂದು ವಾರ ಆ ಪಾತ್ರಕ್ಕೆ ಹೊಸ ನಟ ಬಂದ. ಅಜ್ಜಿ ಸೆರಗು ಮುಟ್ಟಲಿಲ್ಲ. ತಣ್ಣನೆಯ ಕೈಯಿಂದ ನನ್ನ ಮೊಣಕೈ ಹಿಡಿದರು.

"ಇಂವ ಯಾರ ಬೇ? ಅವನ ಕೋಟ್ ಹಾಕ್ಕೊಂಡಾನ. ಅವನ್ನ ಏನ್ ಮಾಡಿದ?"

"ನಟ ಬದಲಾಗ್ಯಾನ್ರೀ ಯವ್ವಾ."

"ಅವನ ಹೆಂಡ್ತಿ ಸೈತ ಇವಂಗ ಸುಮ್ನ ಚಾ ಕೊಟ್ಟಳಲ್ಲ! ನೀ ಯಾರಂತ ಒಬ್ಬರೂ ಕೇಳಲಿಲ್ಲ."

ಎದ್ದವರೇ ಟಿವಿ ಪೆಟ್ಟಿಗೆಯ ಬಾಗಿಲು ಮುಚ್ಚಿ ಹೊರಟುಹೋದರು. ಮತ್ತೆ ಬರಲಿಲ್ಲ.

ಅಂದು ಶಕ್ತಿನಗರದ ಕೆಲಸ ಮುಗಿಸಿ ಗಂಡ ಮನೆಗೆ ಬಂದರು. ಚಹಾ ಕೊಡುವ ಮೊದಲು, ಮದುವೆಯಾದ ಎಂಟು ವರ್ಷಗಳಲ್ಲಿ ಮೊದಲ ಸಲ, ಅವರ ಮುಖವನ್ನು ದಿಟ್ಟಿಸಿ ನೋಡಿದೆ.