ಬೀಜದಂಗಡಿಯವರ ಖಾತ್ರಿ ಸಿನಿಮಾ

ರಾಣೆಬೆನ್ನೂರಿನಲ್ಲಿ ನಮಗೆ ಬೀಜ ಮಾರುತ್ತಿದ್ದ ಅಂಗಡಿಯವರು ಪ್ರತಿ ಗಿರಾಕಿಗೂ ತಮ್ಮ ಮೆಚ್ಚಿನ ಒಂದು ಸಿನಿಮಾ ಹೇಳಿ ಕಳಿಸುತ್ತಿದ್ದರು. ಮೆಕ್ಕೆಜೋಳ ಒಯ್ಯುವವರಿಗೆ ಕಣ್ಣೀರಿನದು, ಟೊಮ್ಯಾಟೊ ಬೆಳೆಯುವವರಿಗೆ ಹೊಡೆದಾಟದ್ದು. ಎದೆಯ ಮೇಲೆ ಕೈಯಿಟ್ಟು "ಖಾತ್ರಿ ಮಾಲ್ ಐತ್ರಿ" ಎನ್ನುತ್ತಿದ್ದರು.

ಬೀಜ ಮೊಳೆಯಲಿಲ್ಲವೆಂದು ಯಾರಾದರೂ ದೂರು ತಂದರೆ, ಅವರು ಕನ್ನಡಕವನ್ನು ಹಣೆಗೇರಿಸಿ, ನೆಲದಾಗ ಹಸಿ ಎಷ್ಟಿತ್ತು, ಎಷ್ಟು ಆಳಕ್ಕೆ ಬಿತ್ತಿದ್ರಿ ಎಂದು ವಿಚಾರಣೆ ನಡೆಸಿ, ಕೊನೆಗೆ "ಬೀಜದ್ದೇನೂ ತಪ್ಪಿಲ್ರಿ, ಬಿತ್ತಿದ್ದ ತಪ್ಪೈತಿ" ಎಂದು ತೀರ್ಪು ಕೊಡುತ್ತಿದ್ದರು.

ಅವರು ಹೇಳಿದ ಚಿತ್ರವೊಂದನ್ನು ನೋಡಲು ನಾನು ಮನೆಮಂದಿಯನ್ನೆಲ್ಲ ಟಿವಿ ಮುಂದೆ ಕೂರಿಸಿದೆ. ಅರ್ಧಕ್ಕೇ ಎಲ್ಲರೂ ಗೊರಕೆ ಹೊಡೆದರು. ಮರುದಿನ ಅಂಗಡಿಗೆ ಹೋಗಿ ಜಗಳ ತೆಗೆದೆ. ಕನ್ನಡಕ ಹಣೆಗೇರಿತು.

"ಊಟಕ್ಕ ಮುಂಚೆ ನೋಡಿದ್ರೋ, ಆದಮ್ಯಾಲೋ?"

"ಆದಮ್ಯಾಲ್ರಿ."

"ಏನುಂಡಿದ್ರಿ?"

"ಹೋಳಿಗಿ."

"ಮತ್ತ! ಬಿತ್ತಿದ್ದ ತಪ್ಪೈತಿ."

ಸಿಟ್ಟಿಗೆ ನನ್ನ ಜೀವದಂಥ ಚಿತ್ರವೊಂದನ್ನು ಅವರಿಗೆ ಹೇಳಿ ಬಂದೆ. ಮುಂದಿನ ವಾರ ಹೋದಾಗ ಮುಖ ಗಂಟು ಹಾಕಿಕೊಂಡು ಕುಳಿತಿದ್ದರು. ನಾನೂ ನನ್ನ ಕನ್ನಡಕವನ್ನು ಹಣೆಗೇರಿಸಿ, "ಊಟಾ ಮಾಡಿ ನೋಡಿದ್ರೇನ್ರಿ?" ಎಂದೆ.

"ಉಪಾಸ ಕುಂತು ನೋಡೇನ್ರಿ," ಎಂದರು. "ಇದರಾಗ ಬೀಜದ್ದ ತಪ್ಪೈತಿ."