ಪಾಪುವಿನ ದುಡ್ಡು ಕಾದ ಆಗಲ್ಲ ವಕೀಲರು

ಅವರಿಗೆ ‘ಆಗಲ್ಲ ವಕೀಲರು’ ಅಂತ ಹೆಸರಿಟ್ಟವಳು ನಾನೇ. ಈಗ ಇಡೀ ಬೀದಿ ಹಾಗೇ ಕರೆಯುತ್ತದೆ. ಅದಕ್ಕೆ ನನಗೆ ಒಂದಿಷ್ಟು ನಾಚಿಕೆಯೂ ಇದೆ, ಒಂದಿಷ್ಟು ಜಂಬವೂ ಇದೆ. ನಾನು ಟೈಲರ್. ಬಟ್ಟೆಯ ಅಳತೆ ತಪ್ಪುವುದಿಲ್ಲ, ನಾಲಗೆಯ ಅಳತೆ ಮಾತ್ರ ತಪ್ಪುತ್ತದೆ ಅಂತ ಅಕ್ಕ ಹೇಳುತ್ತಿರುತ್ತಾಳೆ.

ಅಕ್ಕನ ಒಬ್ಬಳೇ ಮಗಳು ಪಾಪು. ನಾಲ್ಕು ವರ್ಷದವಳಿದ್ದಾಗ ಭಾವ ಅವಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಬರುತ್ತಿದ್ದರು, ಹಿಂದಿನಿಂದ ಲಾರಿ ಬಂದು ಹೊಡೆಯಿತು. ಭಾವ ಅಲ್ಲೇ ಹೋದರು. ಪಾಪು ಉಳಿದಳು. ಅವಳ ಕೈಕಾಲಿನ ಶಕ್ತಿ, ಮಾತು ಎರಡೂ ಉಳಿಯಲಿಲ್ಲ. ಎರಡು ವರ್ಷ ಅಲೆದ ಮೇಲೆ ಪಾಪುವಿನ ಹೆಸರಿಗೆ ದೊಡ್ಡ ಮೊತ್ತ ಕೊಡಬೇಕೆಂದು ಕೋರ್ಟಿನ ತೀರ್ಪು ಬಂತು. ಜೊತೆಗೇ ಇನ್ನೊಂದು ಮಾತೂ ಬಂತು: ಹಣ ಬ್ಯಾಂಕಿನಲ್ಲೇ ಇರಬೇಕು, ಮಗುವಿನ ಅಗತ್ಯಕ್ಕೆ ಮಾತ್ರ ತೆಗೆಯಬೇಕು, ಅದನ್ನು ನೋಡಿಕೊಳ್ಳಲು ಕೋರ್ಟು ನೇಮಿಸಿದ ಟ್ರಸ್ಟಿಯೊಬ್ಬರು ಇರುತ್ತಾರೆ, ಅವರ ಸಹಿ ಇಲ್ಲದೆ ಒಂದು ಕಾಸೂ ಹೊರಬರಕೂಡದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಇದಕ್ಕೇ ಅಂದೆ ನಾನು.

ಆ ಪೂಜಾರಿಯೇ ನಮ್ಮ ವಕೀಲರು. ಜೆರಾಕ್ಸ್ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿ ಅವರ ಆಫೀಸು. ಮೆಟ್ಟಿಲು ಎಷ್ಟು ಕಡಿದೆಂದರೆ ಮೇಲೆ ಹತ್ತಿದವರು ಏನು ಕೇಳಲು ಬಂದೆವು ಅನ್ನುವುದನ್ನೇ ಮರೆತು ಮೊದಲು ನೀರು ಕೇಳುತ್ತಿದ್ದರು. ಮೇಜಿನ ಮೇಲೆ ದಾರ ಕಟ್ಟಿದ ಕಡತಗಳು, ಒಂದು ಸ್ಕೇಲು, ಕಿಟಕಿಯ ಹತ್ತಿರ ಬಣ್ಣ ಹೋದ ಕುರ್ಚಿ. ವಾದ ಮಾಡಿ ಹೆಸರು ಮಾಡಿದ ವಕೀಲರೇನಲ್ಲ. ಕೋರ್ಟಿನಲ್ಲಿ ಅವರ ಧ್ವನಿ ಎರಡನೇ ಬೆಂಚಿಗೂ ಕೇಳುತ್ತಿರಲಿಲ್ಲವಂತೆ. ಅವರ ಹೆಂಡತಿಯನ್ನು ಒಮ್ಮೆ ಅಲ್ಲೇ ಕಂಡು, “ಮನೇಲೂ ಎಲ್ಲಕ್ಕೂ ಆಗಲ್ಲ ಅಂತಾರಾ?” ಅಂತ ಕೇಳಿದ್ದೆ. “ಹೊಸ ಬಾಣಲೆ ಬೇಕು ಅಂದ್ರೂ ಕಾರಣ ಬರೆದುಕೊಡು ಅಂತಾರೆ ಕಣಮ್ಮ” ಎಂದು ಆಕೆ ನಕ್ಕಿದ್ದರು.

ನಾವು ಕೇಳಿದ್ದೆಲ್ಲಕ್ಕೂ ಅವರದ್ದು ಒಂದೇ ಉತ್ತರ. ಮನೆಯ ಮೇಲೆ ಇನ್ನೊಂದು ಕೋಣೆ ಕಟ್ಟಿಸಿ ಬಾಡಿಗೆಗೆ ಕೊಡೋಣವೇ? ಆಗಲ್ಲ. ನನ್ನ ಅಂಗಡಿಗೆ ಎರಡನೇ ಮೆಷಿನ್ ಕೊಂಡು, ಬಂದ ಲಾಭವನ್ನು ಪಾಪುವಿಗೇ ಕೊಡುತ್ತೇನೆ, ಆಗಬಹುದೇ? ಆಗಲ್ಲ. ಹಗಲೂ ರಾತ್ರಿ ಮಗಳನ್ನು ನೋಡಿಕೊಳ್ಳುವ ಅಕ್ಕನಿಗೆ ತಿಂಗಳಿಗಿಷ್ಟು ಅಂತ? ಅದಂತೂ ಆಗಲೇ ಆಗಲ್ಲ. “ನೋಡಮ್ಮ, ಇದು ಮಗು ದುಡ್ಡು. ತಾಯಿ ದುಡ್ಡಲ್ಲ, ಚಿಕ್ಕಮ್ಮನ ದುಡ್ಡಂತೂ ಅಲ್ವೇ ಅಲ್ಲ.” ಹೀಗೆ ಹೇಳಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ತಮ್ಮ ಫೀಸನ್ನು ಮಾತ್ರ ಕೋರ್ಟು ಹೇಳಿದಷ್ಟು, ಹೇಳಿದ ದಿನವೇ ತಗೊಳ್ಳುತ್ತಿದ್ದರು. ಅದೂ ನನ್ನ ಹೊಟ್ಟೆ ಉರಿಸುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅವರದ್ದೊಂದು ವಿಚಿತ್ರ ಅಭ್ಯಾಸವಿತ್ತು. ವರ್ಷಕ್ಕೊಮ್ಮೆ ಲೆಕ್ಕವನ್ನು ಕೋರ್ಟಿಗೆ ಒಪ್ಪಿಸುವ ಮೊದಲು ಅಕ್ಕನ ಮನೆಗೆ ಬರುತ್ತಿದ್ದರು. ಅಕ್ಕನ ಜೊತೆ ಎರಡು ಮಾತಾಡಿ, ಸೀದಾ ಪಾಪುವಿನ ಮಂಚದ ಹತ್ತಿರ ಸ್ಟೂಲು ಎಳೆದುಕೊಂಡು ಕೂರುತ್ತಿದ್ದರು. “ಏನಮ್ಮಾ ಯಜಮಾನಮ್ಮ, ಶುರು ಮಾಡೋಣ್ವಾ?” ಎಂದು ಕೇಳಿ, ಹಾಳೆಯನ್ನು ಅವಳ ಕಣ್ಣಿಗೆ ಕಾಣುವ ಹಾಗೆ ಹಿಡಿದು, ಪ್ರತಿ ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದರು. ಔಷಧಿಗೆ ಇಷ್ಟು, ವ್ಯಾಯಾಮ ಮಾಡಿಸುವವರಿಗೆ ಇಷ್ಟು, ಹಾಸಿಗೆಗೆ ಇಷ್ಟು, ನನ್ನ ಫೀಸು ಇಷ್ಟು. ಪಾಪುವಿಗೆ ಆಗ ಆರೋ ಏಳೋ. ಕತ್ತು ಒಂದು ಕಡೆ ವಾಲುತ್ತಿತ್ತು, ಬಾಯಿಂದ ಜೊಲ್ಲು ಸುರಿಯುತ್ತಿತ್ತು, ಅದನ್ನು ತಮ್ಮ ಕರವಸ್ತ್ರದಿಂದ ಒರೆಸಿ ಮುಂದಿನ ಸಾಲಿಗೆ ಹೋಗುತ್ತಿದ್ದರು.

ಮೂರನೇ ವರ್ಷ ನನಗೆ ತಡೆಯಲಾಗಲಿಲ್ಲ. “ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಯಾಕೆ ಸಾರ್ ಇದೆಲ್ಲ? ಸಹಿ ಹಾಕಿ ಹೋಗಿ” ಅಂದುಬಿಟ್ಟೆ. ಅವರು ಓದುವುದನ್ನು ನಿಲ್ಲಿಸಿ, “ಅವಳ ಹಣ ಟೈಲರಮ್ಮ. ಅವಳಿಗೆ ಹೇಳದೆ ಇನ್ಯಾರಿಗೆ ಹೇಳಲಿ?” ಅಂದರು. ಸಿಟ್ಟಿರಲಿಲ್ಲ ಧ್ವನಿಯಲ್ಲಿ. ನನ್ನ ಅಕ್ಕನ ಮಗಳನ್ನು ಅವಳ ಎದುರೇ ಕೋಣ ಅಂದೆನಲ್ಲ, ಆ ಮಾತು ನೆನೆದರೆ ಇವತ್ತಿಗೂ ನನ್ನ ಬಾಯಿಗೆ ನಾನೇ ಸೂಜಿ ಹಾಕಿಕೊಳ್ಳೋಣ ಅನ್ನಿಸುತ್ತದೆ.

ಯಾಕೆಂದರೆ ಅದೇ ವರ್ಷ, ಓದಿ ಮುಗಿಸಿ ಹೊರಡುವಾಗ, ವಕೀಲರು ಬಾಗಿಲ ಹತ್ತಿರ ನಿಂತು ಅಕ್ಕನಿಗೆ ಹೇಳಿದರು: “ಹಾಳೆ ಮುಗಿಯೋಕೆ ಒಂದು ಸಾಲು ಇರುವಾಗಲೇ ಅವಳ ಕಣ್ಣು ಹಾಳೆ ಮೂಲೆಗೆ ಬರುತ್ತಮ್ಮ. ತಿರುಗಿಸು ಅಂತ. ಹೋದ ವರ್ಷಾನೂ ಬಂದಿತ್ತು, ಏನೋ ಅಕಸ್ಮಾತ್ ಅಂದ್ಕೊಂಡೆ. ಇವತ್ತು ಒಂಬತ್ತು ಹಾಳೆಗೂ ಬಂತು.” ಮಗಳಿಗೆ ಎಲ್ಲ ಅರ್ಥವಾಗುತ್ತದೆ ಅಂತ ಹೆತ್ತ ತಾಯಿಗೆ ಗೊತ್ತಿತ್ತು, ಅವಳು ಹೇಳಿದಾಗ ನಾವ್ಯಾರೂ ನಂಬಿರಲಿಲ್ಲ. ಅಕ್ಕ ಅಲ್ಲೇ ಹೊಸ್ತಿಲ ಮೇಲೆ ಕುಳಿತು ಅತ್ತಳು.

ನಾವು ಕೇಳದೆಯೇ ಅವರು ಕೋರ್ಟಿಗೆ ಅರ್ಜಿ ಹಾಕಿದರು. ಮಾತು ಬಾರದ ಮಕ್ಕಳಿಗೆ ಕಲಿಸುವ ಟೀಚರೊಬ್ಬರು ವಾರಕ್ಕೆ ನಾಲ್ಕು ದಿನ ಮನೆಗೇ ಬರತೊಡಗಿದರು. ಅಕ್ಷರಗಳ ಒಂದು ಹಲಗೆ ಮಾಡಿಕೊಟ್ಟರು. ನಾವು ಅಕ್ಷರಗಳ ಮೇಲೆ ಸಾಲಾಗಿ ಬೆರಳಾಡಿಸುತ್ತಾ ಹೋಗಬೇಕು, ಬೇಕಾದ ಅಕ್ಷರ ಬಂದಾಗ ಪಾಪು ಕಣ್ಣು ಮೇಲೆತ್ತುತ್ತಾಳೆ. ಒಂದು ಪದಕ್ಕೆ ಎರಡು ನಿಮಿಷ. ಎರಡು ವರ್ಷ ಕಲಿತ ಮೇಲೆ ಅವಳು ನನಗೆಂದು ಹೇಳಿದ ಮೊದಲ ಮಾತು ‘ಚಿಕ್ಕಿ ಗಲಾಟೆ’. ನನಗೆ ತಕ್ಕ ಶಾಸ್ತಿ.

ವಕೀಲರು ತಪ್ಪೇ ಮಾಡದವರಲ್ಲ. ಅವಳಿಗೆ ಹದಿಮೂರಾದಾಗ ಒಳ್ಳೆಯ ಗಾಲಿಕುರ್ಚಿ ತರಿಸಿದರು. ಸ್ಕೇಲು ಹಿಡಿದುಕೊಂಡು ಬಂದು ಮುಂಬಾಗಿಲು, ಪಡಸಾಲೆ, ಬೀದಿಯ ಇಳಿಜಾರು ಎಲ್ಲ ಅಳೆದು, ಅಳೆದು ಸುರಿದು ಎರಡು ತಿಂಗಳು ಯೋಚಿಸಿ ಕೊಂಡದ್ದು. ಕುರ್ಚಿ ಬಂತು. ಮುಂಬಾಗಿಲಲ್ಲಿ ರಾಣಿಯ ಹಾಗೆ ಒಳಗೆ ಬಂತು. ಬಚ್ಚಲ ಬಾಗಿಲಲ್ಲಿ ಸಿಕ್ಕಿಕೊಂಡಿತು. ಅದನ್ನು ಅವರು ಅಳೆದಿರಲಿಲ್ಲ. “ಸಾರ್, ಎದೆ ಅಳೆದು ತೋಳು ಬಿಟ್ಟ ಹಾಗಾಯ್ತಲ್ಲ, ನನ್ನ ಕೇಳಬಾರದಿತ್ತಾ?” ಎಂದು ನಾನು ಚೆನ್ನಾಗಿಯೇ ಬಾರಿಸಿದೆ. ಅವರು ಕೆಂಪಾದರು. ಮಾರನೇ ವಾರ ಬಡಗಿಯನ್ನೂ ಗಾರೆಯವರನ್ನೂ ಕರೆದುಕೊಂಡು ಬಂದು ಬಾಗಿಲು ಅಗಲ ಮಾಡಿಸಿದರು. ಆ ವರ್ಷದ ಲೆಕ್ಕ ಓದುವಾಗ ಬಾಗಿಲಿನ ಖರ್ಚೇ ಬರಲಿಲ್ಲ. ಕೇಳಿದ್ದಕ್ಕೆ, “ತಪ್ಪು ನನ್ನದು. ಅವಳು ಯಾಕೆ ಕೊಡಬೇಕು?” ಅಂದರು. ಅವತ್ತಿನಿಂದ ನಾನು ಅವರ ಫೀಸಿನ ಸುದ್ದಿ ಎತ್ತುವುದನ್ನು ಬಿಟ್ಟೆ.

ಇಷ್ಟೆಲ್ಲ ಆದರೂ ಅಕ್ಕನ ವಿಷಯದಲ್ಲಿ ಅವರು ಒಂದಿಂಚು ಸರಿಯಲಿಲ್ಲ. ಪಾಪುವಿಗೆ ಹದಿನೇಳಾಯಿತು. ಭಾವನ ಎತ್ತರ ಬಂದಿದೆ ಅವಳಿಗೆ. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಬಚ್ಚಲಿಗೆ, ದಿನಕ್ಕೆ ಎಂಟೊಂಬತ್ತು ಸಲ ಅಕ್ಕ ಅವಳನ್ನು ಎತ್ತುತ್ತಿದ್ದಳು. ಆಯಾ ಇಟ್ಟುಕೊಳ್ಳಿ ಎಂದು ವಕೀಲರೇ ಹೇಳಿದ್ದರು. “ಕಂಡೋರ ಕೈಗೆ ನನ್ನ ಮಗಳನ್ನ ಕೊಡಲ್ಲ” ಎಂದು ಇವಳು ಹಟ ಹಿಡಿದಿದ್ದಳು. ಒಂದು ಬೆಳಿಗ್ಗೆ ಮಗಳನ್ನು ಎತ್ತಲು ಬಗ್ಗಿದವಳು ಮೇಲೇಳಲಾಗದೆ ಹಾಗೇ ಮಂಚ ಹಿಡಿದು ನಿಂತುಬಿಟ್ಟಳಂತೆ. ನಾನು ಹೋಗುವ ತನಕ ಅರ್ಧ ಗಂಟೆ ತಾಯಿ ಮಗಳು ಮುಖ ಮುಖ ನೋಡುತ್ತಾ ಇದ್ದರು.

ಡಾಕ್ಟರು ಖಂಡಿತವಾಗಿ ಹೇಳಿದರು. ಆಸ್ಪತ್ರೆಯಲ್ಲಿದ್ದು ಎರಡು ತಿಂಗಳು ಚಿಕಿತ್ಸೆ, ವಿಶ್ರಾಂತಿ. ಇಲ್ಲವಾದರೆ ಇವಳೂ ಹಾಸಿಗೆ ಹಿಡಿಯುತ್ತಾಳೆ, ಮಗಳನ್ನು ಆರೈಕೆ ಕೇಂದ್ರಕ್ಕೆ ಸೇರಿಸಬೇಕಾಗುತ್ತದೆ. ಆ ಕೇಂದ್ರವನ್ನು ನಾನು ನೋಡಿ ಬಂದೆ. ಚೊಕ್ಕಟವಾಗಿತ್ತು. ಉದ್ದಕ್ಕೂ ಮಂಚಗಳು, ಅಕ್ಷರದ ಹಲಗೆ ಹಿಡಿದು ಎರಡು ನಿಮಿಷ ಕಾಯುವ ಪುರುಸೊತ್ತು ಯಾರಿಗೂ ಇರಲಿಲ್ಲ.

ಮೆಟ್ಟಿಲು ಹತ್ತಿ ಹೋದೆ. “ಆಯಾ ಸಂಬಳ ಆಗುತ್ತೆ. ಅದು ಪಾಪುಗೆ ಮಾಡೋ ಖರ್ಚು. ತಾಯಿ ಆಸ್ಪತ್ರೆ ಖರ್ಚು ಆಗಲ್ಲ ಟೈಲರಮ್ಮ” ಅಂದರು.

ನಾನು ಅವತ್ತು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ. ಕೆಳಗಿನ ಜೆರಾಕ್ಸ್ ಅಂಗಡಿಯವನು ಮೆಷಿನ್ ನಿಲ್ಲಿಸಿ ಕೇಳಿದನಂತೆ. ಎಲ್ಲ ಮುಗಿದ ಮೇಲೆ ವಕೀಲರು ನನಗೆ ನೀರು ಕೊಟ್ಟು, ಒಂದು ಸಂಗತಿ ಹೇಳಿದರು. ಅವರು ಮೊದಲು ಟ್ರಸ್ಟಿಯಾಗಿದ್ದು ಕಾಲು ಕಳೆದುಕೊಂಡ ಒಬ್ಬ ಹುಡುಗನಿಗೆ. ಅಪ್ಪ ಬಂದು ಕೇಳಿದಾಗಲೆಲ್ಲ ಸಹಿ ಹಾಕಿದರಂತೆ. ಮನೆಗೆ ಮಹಡಿ, ಅಣ್ಣನ ವ್ಯಾಪಾರ, ಅತ್ತೆಯ ಆಪರೇಷನ್. “ಎಲ್ಲ ನಿಜವಾದ ಕಷ್ಟಾನೇ ಅಮ್ಮ, ಯಾರೂ ಮೋಸ ಮಾಡಲಿಲ್ಲ. ಆ ಹುಡುಗನಿಗೆ ಇಪ್ಪತ್ತಾಗೋ ಹೊತ್ತಿಗೆ ಹೊಸ ಕಾಲು ಹಾಕಿಸೋಕೂ ದುಡ್ಡಿರಲಿಲ್ಲ. ಇದೇ ಕುರ್ಚೀಲಿ ಕೂತು, ನನ್ನ ದುಡ್ಡು ಎಲ್ಲಿ ಸಾರ್ ಅಂತ ಕೇಳಿದ.” ಹೇಳುವಾಗ ಅವರ ಕೈ ಕಡತದ ದಾರವನ್ನು ಸುಮ್ಮನೆ ಬಿಚ್ಚಿ ಕಟ್ಟುತ್ತಿತ್ತು. ಹದಿನೈದು ದಿನದಲ್ಲಿ ಒಂದು ಅರ್ಜಿ ಹಾಕುತ್ತೇನೆ, ಪಾಪುವನ್ನು ಕೋರ್ಟಿಗೆ ಕರೆತನ್ನಿ ಎಂದರು. “ಈ ಸಲ ಕೇಳೋದು ನಾನಲ್ಲ, ನೀವೂ ಅಲ್ಲ.”

ಕೋರ್ಟಿನಲ್ಲಿ ನ್ಯಾಯಾಧೀಶೆ ವಯಸ್ಸಾದವರು. ಗಾಲಿಕುರ್ಚಿ ಹತ್ತಿರ ಬರುವಂತೆ ಬೆಂಚು ಸರಿಸಲು ಹೇಳಿದರು. ಟೀಚರು ಹಲಗೆ ಹಿಡಿದರು. ವಕೀಲರು ತಮ್ಮ ಸಣ್ಣ ಧ್ವನಿಯಲ್ಲಿ, ಈ ಖರ್ಚನ್ನು ಒಪ್ಪಲು ತಮಗೆ ಅಧಿಕಾರವಿಲ್ಲ, ತಿರಸ್ಕರಿಸಲು ಮನಸ್ಸಿಲ್ಲ, ಹಣದ ಒಡತಿಯನ್ನೇ ಕೇಳಬೇಕು ಎಂದರು. ನ್ಯಾಯಾಧೀಶೆ ಪಾಪುವನ್ನೇ ನೋಡುತ್ತಾ ಕೇಳಿದರು: “ಈ ಹಣ ನಿನ್ನ ಜೀವನಕ್ಕೆ ಇರೋದಮ್ಮ. ಅಮ್ಮನ ಚಿಕಿತ್ಸೆಗೆ ಯಾಕೆ ಕೊಡಬೇಕು ಅಂತೀಯ?”

ಟೀಚರ ಬೆರಳು ಸಾಲುಗಳ ಮೇಲೆ ಹೊರಟಿತು. ಇಡೀ ಕೋಣೆ ಆ ಬೆರಳನ್ನೇ ನೋಡುತ್ತಿತ್ತು. ಪಾಪುವಿನ ಹಣೆಯಲ್ಲಿ ಬೆವರು. ಏಳೆಂಟು ನಿಮಿಷವಾಗಿರಬೇಕು. ನಡುವೆ ಗುಮಾಸ್ತರು ಗಡಿಯಾರ ನೋಡಿದಾಗ ನ್ಯಾಯಾಧೀಶೆ ಅವರನ್ನು ಒಂದು ನೋಟ ನೋಡಿದರು. ಕೊನೆಗೆ ಟೀಚರು ಓದಿದರು: “ಅಮ್ಮನ ಬೆನ್ನೇ ನನ್ನ ಕಾಲು.”

ವಕೀಲರು ಕನ್ನಡಕ ತೆಗೆದರು. ಈ ಸಲ ಒರೆಸಿದ್ದು ಕನ್ನಡಕವನ್ನಲ್ಲ. ಆದೇಶ ಅವತ್ತೇ ಬಂತು, ಖರ್ಚು ಪಾಪುವಿನ ಅಗತ್ಯಕ್ಕೇ ಸೇರಿದ್ದು ಎಂದು.

ಅಕ್ಕ ಹೊರಡುವ ದಿನ ಬೆಳಿಗ್ಗೆ ವಕೀಲರೂ ಬಂದಿದ್ದರು, ಹೊಸ ಆಯಾಗಳಿಬ್ಬರನ್ನು ನೋಡಿಕೊಂಡು ಹೋಗಲು. ಬಾಗಿಲಲ್ಲಿ ಟ್ಯಾಕ್ಸಿ ನಿಂತಿತ್ತು. ಅಕ್ಕನದು ಮುಗಿಯದ ಪುರಾಣ. ಗಂಜಿ ಬಿಸಿ ಇರಬಾರದು, ಎಡಗಡೆಗೆ ಮಲಗಿಸಬೇಡಿ, ಕಿಟಕಿ ಪೂರ್ತಿ ಹಾಕಬೇಡಿ. ಹದಿಮೂರು ವರ್ಷದಲ್ಲಿ ಒಂದು ರಾತ್ರಿಯೂ ಮಗಳನ್ನು ಬಿಟ್ಟವಳಲ್ಲ. ಬ್ಯಾಗು ಹಿಡಿದು ನಡುಮನೆಯ ತನಕ ಬಂದವಳು, “ಬೇಡ ಕಣೇ, ಬೆನ್ನು ಹೇಗೋ ಸರಿಹೋಗುತ್ತೆ” ಎಂದು ಬ್ಯಾಗನ್ನು ಕೆಳಗಿಟ್ಟೇಬಿಟ್ಟಳು. ನಾನು ಬೈದೆ, ಆಯಾಗಳು ಸಮಾಧಾನ ಹೇಳಿದರು, ಅವಳು ಅಲುಗಾಡಲಿಲ್ಲ.

ಆಗ ಪಾಪು ಗಂಟಲಲ್ಲಿ ಸದ್ದು ಮಾಡಿದಳು. ಹತ್ತಿರವಿದ್ದವರು ವಕೀಲರೇ. ಅವರು ಹಲಗೆ ಎತ್ತಿಕೊಂಡು ತಮ್ಮ ಬೆರಳನ್ನು ಮೊದಲ ಸಾಲಿನ ಮೇಲಿಟ್ಟರು. ಅ ಅಲ್ಲ, ಕ ಅಲ್ಲ, ತ ಅಲ್ಲ. ಅವಳಿಗೆ ಬೇಕಿದ್ದದ್ದು ಕಟ್ಟಕಡೆಯ ಸಾಲಿನ ಹ. ಆಮೇಲೆ ಅದರ ಸ್ವರ, ಆಮೇಲೆ ಗ, ಅದರ ಸ್ವರ. “ಹೋಗಿ” ಎಂದು ವಕೀಲರು ಓದಿದರು.

ಅಕ್ಕನ ಮುಖ ಸಣ್ಣದಾಯಿತು. ಮಗಳೇ ಹೋಗು ಅಂದಮೇಲೆ ಇನ್ನೇನು ಎನ್ನುವ ಹಾಗೆ ಬಗ್ಗದೆ ಮೆಲ್ಲನೆ ಕೂತು ಬ್ಯಾಗನ್ನು ಎತ್ತಿಕೊಂಡಳು. ವಕೀಲರು ಹಲಗೆಯನ್ನು ಕೆಳಗಿಡಲು ಹೋದರು. ಪಾಪು ಮತ್ತೆ ಸದ್ದು ಮಾಡಿದಳು, ಜೋರಾಗಿ, ಸಿಟ್ಟಿನಿಂದ. ಅವರು ಗಡಿಬಿಡಿಯಲ್ಲಿ ಬೆರಳನ್ನು ಮತ್ತೆ ಮೊದಲಿಂದ ಆಡಿಸಿದರು. ಕ ದಾಟಿತು, ಚ ದಾಟಿತು, ತ ದಾಟಿತು. ಬ ಬಂದಾಗ ಅವಳ ಕಣ್ಣು ಮೇಲೆ ಹೋಯಿತು.

“ಬಾ,” ಅಂದರು ವಕೀಲರು. “ಹೋಗಿ ಬಾ ಅಂತಿದಾಳಮ್ಮ.”

ಅಕ್ಕ ಮಗಳ ಹಣೆಗೆ ಮುತ್ತಿಟ್ಟು ಹೋದಳು.